ಶಾಕ್ಸ್ ಅಲ್ಲ ಸಾರ್, ಬುಶ್ಶು!

ಹಳೆಯ ಜಾವಾ ಮೋಟಾರ್‌ಸೈಕಲ್ ಕೊಂಡವರ ದುಡ್ಡು ಮೊದಲು ಹೋಗುವುದು ಟ್ಯಾಂಕಿನ ಬಣ್ಣಕ್ಕೆ. ಆಮೇಲೆ ಸೈಲೆನ್ಸರಿನ ಕ್ರೋಮಿಗೆ. ಇನ್ನೂ ಏನಾದರೂ ಉಳಿದಿದ್ದರೆ ಸೀಟಿನ ಹೊದಿಕೆಗೆ. ಹಿಂದಿನ ಚಕ್ರದ ಸರದಿ ಬರುವುದು ಹಿಂದೆ ಕೂತವರು ಬಾಯಿ ಬಿಟ್ಟಾಗ ಮಾತ್ರ. ಬೆಂಗಳೂರಿನ ಮಲ್ಲೇಶ್ವರದಿಂದ ಶ್ರೀರಾಂಪುರಕ್ಕೆ ಅಬ್ಬಬ್ಬಾ ಅಂದರೆ ಎರಡು ಕಿಲೋಮೀಟರು. ಅಷ್ಟರಲ್ಲಿ ನಾಲ್ಕು ಹಂಪು, ಜಲಮಂಡಳಿ ಅಗೆದು ಮುಚ್ಚಿದ ಎರಡು ಅಡ್ಡಗೆರೆ, ಒಂದು ಕುಸಿದ ಮ್ಯಾನ್‌ಹೋಲು ಎದುರಾದರೆ, “ರೀ, ಇನ್ನೊಂದ್ಸಲ ಇದ್ರಲ್ಲಿ ಕರೀಬೇಡಿ, ನಾನು ಮೆಟ್ರೋದಲ್ಲೇ ಬರ್ತೀನಿ” ಅನ್ನುವ ಮಾತು ಕೇಳಿಬರುತ್ತದೆ. ಶ್ರೀರಾಂಪುರದಲ್ಲಿ ಆ ಮಾತು ಬರೀ ಬೆದರಿಕೆಯಲ್ಲ. 2014ರ ಮಾರ್ಚ್‌ನಿಂದ ತಲೆಯ ಮೇಲೇ ಹಸಿರು ಮಾರ್ಗದ ರೈಲು ಓಡುತ್ತಿದೆ.

ಆಮೇಲೆ ಶುರುವಾಗುತ್ತದೆ ಅಪ್‌ಗ್ರೇಡ್ ಪುರಾಣ. ಗ್ಯಾಸ್ ತುಂಬಿದ ಹೊಸ ಶಾಕ್ ಅಬ್ಸಾರ್ಬರು, ಅಲಾಯ್ ರಿಮ್ಮು, ಅಗಲದ ಟೈರು. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. (ಮೈಸೂರಿನ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. ಇವತ್ತು ಆ ಗಾಡಿಗೆ ಬಿಡಿಭಾಗ ಹುಡುಕಿಕೊಂಡು ಹೋಗುವ ರಸ್ತೆಗೂ ಅವರದೇ ಹೆಸರು.) ಡಬ್ಬಿ ಹಿಡಿದುಕೊಂಡು ಶ್ರೀರಾಂಪುರದ ಯಾವುದೋ ಅಡ್ಡರಸ್ತೆಯ ಗ್ಯಾರೇಜಿಗೆ ಬರುತ್ತೀರಿ. ಹಳಬ ಮೇಸ್ತ್ರಿ ಡಬ್ಬಿ ಬಿಚ್ಚಿಯೂ ನೋಡುವುದಿಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಹಿಂದೆ ಕುಕ್ಕರಗಾಲಲ್ಲಿ ಕೂತು, ಹಿಂದಿನ ಚಕ್ರ ಹಿಡಿದಿರುವ ಕವಲನ್ನು, ಅಂದರೆ ಸ್ವಿಂಗ್ ಆರ್ಮನ್ನು, ಎರಡೂ ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತಾನೆ. ಕಟಕ್ ಎಂದು ಸದ್ದು. “ಶಾಕ್ಸ್ ಅಲ್ಲ ಸಾರ್, ಬುಶ್ಶು ಹೋಗೈತೆ. ಇದಕ್ಕೆ ಏನ್ ಹಾಕಿದ್ರೂ ಹಿಂಗೇ.”

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಹೆಚ್ಚುಕಮ್ಮಿ ಅಷ್ಟೇ. ಹಳೆಯ ಮೋಟಾರ್‌ಸೈಕಲ್ಲಿನ ಹಿಂಭಾಗವನ್ನು ಸುಧಾರಿಸುವ ಕೆಲಸದಲ್ಲಿ ಕಣ್ಣಿಗೆ ಬೀಳುವ ಸಾಮಾನು ಕಡೆಯದು. ಕಣ್ಣಿಗೆ ಬೀಳದ ಲೋಹದ ಉಂಗುರ, ಎಣ್ಣೆ, ಕಡ್ಡಿ, ರಬ್ಬರು ಮೊದಲಿನವು. ಅದನ್ನು ಬಲ್ಲವರು ಇನ್ನೂ ಈ ಊರಿನಲ್ಲಿದ್ದಾರೆ.

ಯಾಕೆ ಇದ್ದಾರೆ ಅನ್ನುವುದಕ್ಕೆ ಶ್ರೀರಾಂಪುರವೇ ಉತ್ತರ. ಒಂದು ಕಡೆ ಬಿನ್ನಿ ಮಿಲ್ಲು, ಇನ್ನೊಂದು ಕಡೆ ಮಿನರ್ವಾ ಮಿಲ್ಲು, ಮಲ್ಲೇಶ್ವರದ ಅಂಚಿನಲ್ಲಿ ರಾಜಾ ಮಿಲ್ಲು. ಇವುಗಳ ನಡುವೆ ಬೆಳೆದ ಕಾರ್ಮಿಕರ ಬಡಾವಣೆಗಳ ಸಾಲಿನದು ಇದು. ಕನ್ನಡ, ತಮಿಳು, ತೆಲುಗು ಒಂದೇ ನಲ್ಲಿಯ ಮುಂದೆ ಸಾಲು ನಿಂತ ಊರು. ಮಗ್ಗದ ಯಂತ್ರ ಕೆಟ್ಟರೆ ಬಿಚ್ಚಿ ಕೂಡಿಸುವ ಫಿಟ್ಟರುಗಳು ಮಿಲ್ಲುಗಳಲ್ಲಿ ತಯಾರಾದರು. ಅವರ ಮಕ್ಕಳ ಕಾಲಕ್ಕೆ ಬೆಂಗಳೂರಿನಲ್ಲಿ ಎಚ್‌ಎಎಲ್, ಮೈಕೋ, ಎಚ್‌ಎಂಟಿ, ಬಿಇಎಲ್ ಎಲ್ಲ ಬಂದಿದ್ದವು. ಐಟಿಐ ಮುಗಿಸಿ ಟರ್ನರ್ ಆಗುವುದು ಒಂದು ಗೌರವದ ದಾರಿಯಾಗಿತ್ತು. ಹೊಟ್ಟೆಪಾಡಿಗೆ ಮನೆಯ ಮುಂಗೋಣೆಯಲ್ಲೇ ಲೇತ್ ಹಾಕಿಕೊಂಡವರು ಇಲ್ಲಿಂದ ಕಾಮಾಕ್ಷಿಪಾಳ್ಯದವರೆಗೂ ಹಬ್ಬಿಕೊಂಡರು. ರಾಜಾ ಮಿಲ್ಲಿನ ಜಾಗದಲ್ಲೀಗ ಮಾಲ್ ಇದೆ. ಆದರೆ ಹರಿಹರದಲ್ಲಿ ತಯಾರಾದ ಕಿರ್ಲೋಸ್ಕರ್ ಲೇತ್ ಇಟ್ಟುಕೊಂಡ ಕೋಣೆಗಳು ಹುಡುಕಿದರೆ ಸಿಗುತ್ತವೆ. ಮೈಸೂರು ಕಿರ್ಲೋಸ್ಕರ್ ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಯಂತ್ರ ಮಾತ್ರ ಅದಕ್ಕಿಂತ ಮೊದಲೇ ಮುಚ್ಚಿದ ಇನ್ನೊಂದು ಕಂಪನಿಯ ಗಾಡಿಗೆ ಬುಶ್ ಕಡೆದು ಕೊಡುತ್ತಿದೆ.

ಆ ಇನ್ನೊಂದು ಕಂಪನಿ ಐಡಿಯಲ್ ಜಾವಾ. ಜೆಕ್ ದೇಶದ ಜಾವಾ ಗಾಡಿಗಳನ್ನು ಆಮದು ಮಾಡಿ ಮಾರುತ್ತಿದ್ದ ಬೊಂಬಾಯಿಯ ಇರಾನಿ ಕುಟುಂಬ, ಆಮದು ಕಷ್ಟವಾದಾಗ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಕಟ್ಟಿತು. 1961ರಿಂದ ಅಲ್ಲಿಂದ ಗಾಡಿ ಹೊರಬಂದವು. 1973ರಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು, ಎರಡು ಸೈಲೆನ್ಸರು, ಗೇರಿನ ಕಡ್ಡಿಯನ್ನೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್ ಆಗುವ ಜಾಣತನ – ಇವನ್ನೆಲ್ಲ ಅಭಿಮಾನಿಗಳು ಬಾಯಿಪಾಠ ಒಪ್ಪಿಸುತ್ತಾರೆ. ಹಿಂಭಾಗದ ಮಾತು ಬಂದರೆ ಮಾತ್ರ ಎಲ್ಲರೂ ಮೌನ.

ಅಲ್ಲಿಯೂ ಒಂದು ಕಥೆಯಿದೆ. ಎರಡನೇ ಮಹಾಯುದ್ಧದ ಬಹುಪಾಲು ಸೇನಾ ಗಾಡಿಗಳಿಗೆ ಹಿಂದೆ ಸಸ್ಪೆನ್ಷನ್ನೇ ಇರಲಿಲ್ಲ. ಬಿಎಸ್‌ಎ ಎಂ20 ನೋಡಿ: ಹಿಂದಿನ ಚಕ್ರ ನೇರವಾಗಿ ಚಾಸಿಗೆ ಬೋಲ್ಟು. ಸವಾರನ ಬೆನ್ನು ಉಳಿಸಲು ಸೀಟಿನ ಕೆಳಗೆ ಎರಡು ಸ್ಪ್ರಿಂಗು, ಅಷ್ಟೇ. ಯುದ್ಧ ಮುಗಿದ ಮೇಲೆ ಸೇನೆ ಹರಾಜು ಹಾಕಿದ ಅಂಥ ಗಾಡಿಗಳು ದಂಡಿನ ಊರುಗಳಲ್ಲಿ ವರ್ಷಗಟ್ಟಲೆ ಓಡಾಡಿದವು. ಜಾವಾ ಕಂಪನಿ 1946ರಲ್ಲಿ ತಂದ ಪೆರಾಕ್‌ನಲ್ಲಿ ಹಿಂದೆ ಪ್ಲಂಜರ್ ಇತ್ತು. ಚಾಸಿಯ ಎರಡು ಬದಿಗೆ ನಿಲ್ಲಿಸಿದ ಕೊಳವೆ, ಅದರೊಳಗೆ ಸ್ಪ್ರಿಂಗು, ಚಕ್ರದ ಆಕ್ಸೆಲ್ ಅದರಲ್ಲಿ ನೆಟ್ಟಗೆ ಮೇಲೆ ಕೆಳಗೆ ಜಾರುತ್ತಿತ್ತು. ಆಟ ಸ್ವಲ್ಪವೇ. ಎಡ ಬಲ ಎರಡೂ ತಮ್ಮ ಪಾಡಿಗೆ ಸವೆದರೆ ಚಕ್ರ ವಾಲುವುದು ಖಂಡಿತ. 1954ರಲ್ಲಿ ಬಂದ 353ನೇ ಮಾದರಿಯಲ್ಲಿ ಪ್ಲಂಜರ್ ಹೋಗಿ ಸ್ವಿಂಗ್ ಆರ್ಮ್ ಬಂತು: ಎಂಜಿನ್ನಿನ ಹಿಂದೆ ಒಂದು ಕೀಲು, ಅಲ್ಲಿಂದ ಹಿಂದಕ್ಕೆ ಚಾಚಿದ ಕವಲು, ತುದಿಯಲ್ಲಿ ಚಕ್ರ, ಎರಡು ಬದಿಗೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರು. ಮೈಸೂರಿನಲ್ಲಿ ಮೊದಲು ತಯಾರಾದದ್ದು ಈ ವಂಶದ ಗಾಡಿಯೇ. ಅಂದರೆ ನಾವು ‘ಒರಿಜಿನಲ್’ ಎಂದು ಕಣ್ಣಿಗೊತ್ತಿಕೊಳ್ಳುವ ಜಾವಾದ ಹಿಂಭಾಗ ಅದರ ಕಾಲದ ಅಪ್‌ಗ್ರೇಡು.

ಇಂಗ್ಲೆಂಡಿನಲ್ಲಿ ಇದಕ್ಕಿಂತ ವಿಚಿತ್ರ ಪ್ರಯೋಗಗಳಾದವು. ಟ್ರಯಂಫ್ ಕಂಪನಿಯ ಎಡ್ವರ್ಡ್ ಟರ್ನರ್ ಚಾಸಿಯನ್ನು ಮುಟ್ಟದೆ, ಸ್ಪ್ರಿಂಗನ್ನೇ ಚಕ್ರದ ಹಬ್ಬಿನೊಳಗೆ ತುಂಬಿಬಿಟ್ಟ. ಹಳೆಯ ಚಕ್ರ ಬಿಚ್ಚಿ ಈ ಚಕ್ರ ಹಾಕಿದರೆ ಸಸ್ಪೆನ್ಷನ್ ಬಂದಂತೆ! ಹಿಂದಿನ ಚಕ್ರ, ಹಿಂದಿನ ಸಸ್ಪೆನ್ಷನ್ ಎರಡನ್ನೂ ಒಂದೇ ಏಟಿಗೆ ಬದಲಿಸುವ ಆಸೆ ಇವತ್ತಿನದಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಸಿಕ್ಕಿದ ಆಟ ಎರಡು ಇಂಚಿನಷ್ಟು. ಹಬ್ಬು ಮಣಭಾರ. ಒಳಗೆ ಬಿಗಿಯಾಗಿ ಒತ್ತಿಟ್ಟ ಸ್ಪ್ರಿಂಗಿನಿಂದಾಗಿ ಸರಿಯಾದ ಹತ್ಯಾರವಿಲ್ಲದೆ ಬಿಚ್ಚಲು ಹೋದವರಿಗೆ ಅಪಾಯ. ಐವತ್ತರ ದಶಕದ ಮಧ್ಯದ ಹೊತ್ತಿಗೆ ಟ್ರಯಂಫ್‌ನವರೂ ಸ್ವಿಂಗ್ ಆರ್ಮಿಗೆ ಬಂದರು. ರಾಯಲ್ ಎನ್‌ಫೀಲ್ಡ್ ಮಾತ್ರ ಮೊದಲೇ ದಾರಿ ಕಂಡುಕೊಂಡಿತ್ತು. 1948ರಲ್ಲಿ ಇಟಲಿಯ ಸ್ಯಾನ್ ರೆಮೊದಲ್ಲಿ ನಡೆದ ಆರು ದಿನಗಳ ಅಂತರರಾಷ್ಟ್ರೀಯ ಸ್ಪರ್ಧೆಗೆ ಸ್ವಿಂಗ್ ಆರ್ಮ್ ಇದ್ದ ಬುಲೆಟ್ಟುಗಳನ್ನು ಇಳಿಸಿ ಚಿನ್ನದ ಪದಕ ಗೆದ್ದಿತು. ನಮ್ಮ ಸೇನೆ ಗಡಿ ರಸ್ತೆಗಳಿಗೆಂದು ಬುಲೆಟ್ ಆರಿಸಿಕೊಂಡದ್ದು, ಅದರಿಂದಾಗಿ ಮದ್ರಾಸಿನಲ್ಲಿ ಕಾರ್ಖಾನೆ ಬಂದದ್ದು ಆಮೇಲಿನ ಕಥೆ.

ಸರಿ, ಬುಶ್ಶಿಗೆ ಬರೋಣ.

ಸ್ವಿಂಗ್ ಆರ್ಮ್ ತಿರುಗುವ ಕೀಲಿನೊಳಗೆ ಒಂದು ಉಕ್ಕಿನ ಪಿನ್ನು, ಅದರ ಸುತ್ತ ಮೆತ್ತನೆಯ ಲೋಹದ ಉಂಗುರ. ಅದೇ ಬುಶ್ಶು. ಆ ಕಾಲದ ಬಹುಪಾಲು ಗಾಡಿಗಳದ್ದು ಇದೇ ಏರ್ಪಾಟು. ಪಿನ್ನು ಉಳಿಯಲಿ, ಬುಶ್ಶು ಸವೆಯಲಿ ಎಂಬುದೇ ಲೆಕ್ಕಾಚಾರ. ಗ್ರೀಸ್ ಹೊಡೆಯುತ್ತ ಹೋದರೆ ಬಹಳ ಕಾಲ ಬರುತ್ತದೆ. ನಾವು ಹೊಡೆಯುವುದಿಲ್ಲ. ಗ್ರೀಸ್ ನಿಪ್ಪಲ್ಲಿನ ಬಾಯಿಗೆ ಮಣ್ಣು ಮೆತ್ತಿಕೊಂಡು, ಅದರ ಮೇಲೆ ಬಣ್ಣವೂ ಬಿದ್ದು, ಅಲ್ಲೊಂದು ನಿಪ್ಪಲ್ ಇದೆ ಎನ್ನುವುದೇ ಮರೆತಿರುತ್ತದೆ. ಒಳಗೆ ಬುಶ್ಶು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕೀಲಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವಿದ್ದರೆ ಚಕ್ರದ ಹಿಂಬದಿಯ ಅಂಚಿನಲ್ಲಿ ಅದು ಎರಡು ಮೂರು ಪಟ್ಟು. ತಿರುವಿನಲ್ಲಿ ಮುಂದಿನ ಚಕ್ರ ಒಂದು ದಾರಿ, ಹಿಂದಿನದು ಇನ್ನೊಂದು ದಾರಿ. ಹಂಪಿನ ಮೇಲೆ ಕಟಕ್. ಹಿಂದೆ ಕೂತವರ ಸೊಂಟಕ್ಕೆ ಬೀಳುವ ಏಟಿನಲ್ಲಿ ಸ್ಪ್ರಿಂಗಿನ ತಪ್ಪು ಎಷ್ಟು, ಈ ಸಡಿಲದ ತಪ್ಪು ಎಷ್ಟು ಎಂದು ಕೂತಲ್ಲಿಂದ ಹೇಳಲಾಗದು. ಅದಕ್ಕೇ ಮೇಸ್ತ್ರಿ ಚಕ್ರವನ್ನು ಬಿಟ್ಟು ಸ್ವಿಂಗ್ ಆರ್ಮನ್ನೇ ಹಿಡಿದು ಅಲ್ಲಾಡಿಸುವುದು. ಚಕ್ರ ಹಿಡಿದರೆ ವೀಲ್ ಬೇರಿಂಗಿನ ಆಟವೂ ಬೆರೆತು ಮೋಸವಾಗುತ್ತದೆ.

ಹೊಸ ಬುಶ್ಶಿಗೆ ಗನ್‌ಮೆಟಲ್ ಕಡ್ಡಿ ತರುತ್ತಾರೆ. ಲೇತಿನ ಟರ್ನರ್ ಮೊದಲು ಪಿನ್ನನ್ನು ಮೈಕ್ರೋಮೀಟರಿಗೆ ಹಿಡಿಯುತ್ತಾನೆ. ಪಿನ್ನಿನಲ್ಲೇ ಗೀರು ಬಿದ್ದಿದ್ದರೆ ಅದೂ ಹೊಸದು. ಬುಶ್ಶಿನ ಹೊರಸುತ್ತು ಸ್ವಲ್ಪ ದಪ್ಪ ಇಟ್ಟುಕೊಂಡು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು. ಒತ್ತಿದಾಗ ಒಳಸುತ್ತು ಕಿರಿದಾಗುತ್ತದೆ. ಲೇತಿನಲ್ಲಿ ಅಳತೆ ಸರಿಯಿದ್ದ ಬುಶ್ಶು ಗಾಡಿಯೊಳಗೆ ಕೂತ ಮೇಲೆ ಪಿನ್ನು ಹಿಡಿಯುವುದಿಲ್ಲ ಎಂದು ಸುತ್ತಿಗೆ ಎತ್ತುವವರು ಈ ಹಂತದಲ್ಲೇ ಕೆಲಸ ಕೆಡಿಸುವುದು. ಬಲ್ಲವನು ಕೂರಿಸಿದ ಮೇಲೆ ಒಳಸುತ್ತನ್ನು ಅಳತೆಗೆ ತರಲು ರೀಮರ್ ಓಡಿಸುತ್ತಾನೆ, ಎಡಬಲದ ಎರಡೂ ಬುಶ್ಶಿಗೆ ಒಂದೇ ಗೆರೆಯಲ್ಲಿ. “ಎರಡು ಥೌ ಬಿಟ್ಟಿದ್ದೀನಿ ಸಾರ್” ಎಂದರೆ ಇಂಚಿನ ಸಾವಿರದಲ್ಲಿ ಎರಡು ಪಾಲು, ಅಂದರೆ 0.05 ಮಿಲಿಮೀಟರು. ಗ್ರೀಸ್ ಒಳಗೆ ಹೋಗಲು ಒಂದು ತೋಡನ್ನೂ ಕೊರೆದಿರುತ್ತಾನೆ. ಕೊನೆಗೆ ಶಾಕ್ಸ್ ಹಾಕದೆ ಸ್ವಿಂಗ್ ಆರ್ಮನ್ನು ಎತ್ತಿ ಬಿಟ್ಟರೆ ಅದು ಧಡಕ್ಕೆಂದು ಬೀಳದೆ, ಅಂಟಿಕೊಂಡೂ ನಿಲ್ಲದೆ ತನ್ನ ಭಾರಕ್ಕೆ ನಿಧಾನವಾಗಿ ಇಳಿಯಬೇಕು. ಅದನ್ನು ನೋಡಿ ಮೇಸ್ತ್ರಿ ಬೀಡಿ ಹಚ್ಚಿದರೆ ಕೆಲಸ ಪಾಸು.

ಶಾಕ್ಸ್ ವಿಚಾರದಲ್ಲಿ ಜನರ ತಲೆಯಲ್ಲಿರುವ ಗೊಂದಲ ಒಂದೇ: ಗಾಡಿ ಎದ್ದುಬಿದ್ದು ಹೋಗುತ್ತಿದ್ದರೆ ಸ್ಪ್ರಿಂಗು ದುರ್ಬಲ ಅಂದುಕೊಳ್ಳುವುದು. ಸ್ಪ್ರಿಂಗಿನ ಕೆಲಸ ಭಾರ ಹೊರುವುದು. ಕುಣಿತ ನಿಲ್ಲಿಸುವುದು ಒಳಗಿನ ಎಣ್ಣೆ, ಸಣ್ಣ ತೂತುಗಳ ಮೂಲಕ ಒತ್ತಿಸಿಕೊಂಡು ಹೋಗಿ ಏಟಿನ ಶಕ್ತಿಯನ್ನು ಬಿಸಿಯಾಗಿ ಕರಗಿಸುವ ಎಣ್ಣೆ. ಹಿಂಭಾಗವನ್ನು ಕೈಯಿಂದ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಪ್ಪಳಿಸಿದರೆ ಸೀಲು ಸೋರಿ ಎಣ್ಣೆ ಖಾಲಿಯಾಗಿದೆ. ಹಳೆಯ ಜಾವಾದ ಶಾಕ್ಸಿಗೆ ಮೇಲೊಂದು ಕವಚವಿರುವುದರಿಂದ ಸೋರಿದ್ದು ಕಾಣುವುದೂ ಇಲ್ಲ. ಹೊಸ ಸೀಲು, ಹೊಸ ಎಣ್ಣೆ, ರಾಡಿನಲ್ಲಿ ತುಕ್ಕಿನ ಚುಕ್ಕಿಗಳಿದ್ದರೆ ಪೀಣ್ಯದಲ್ಲಿ ಹಾರ್ಡ್ ಕ್ರೋಮು – ಇಷ್ಟರಲ್ಲಿ ಅದು ಇನ್ನೊಂದು ಸುತ್ತಿಗೆ ತಯಾರು. ನನ್ನ ಮತವಂತೂ ಇದಕ್ಕೇ.

ಹೊಸದೇ ಬೇಕೆನ್ನುವವರು ಎರಡು ಅಳತೆ ನೋಡಿಕೊಳ್ಳಲಿ. ಮೊದಲನೆಯದು ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿಗೆ ಇರುವ ಉದ್ದ. ‘ಸ್ವಲ್ಪ ಎತ್ತರ ಇರಲಿ, ಚೆನ್ನಾಗಿ ಕಾಣ್ತದೆ’ ಎಂಬ ಮಾತಿಗೆ ಗಣಿತ ಉತ್ತರ ಕೊಡುತ್ತದೆ. ಎರಡು ಆಕ್ಸೆಲ್ಲುಗಳ ನಡುವೆ 1,300 ಮಿಲಿಮೀಟರ್ ಅಂತರವಿರುವ ಗಾಡಿಯ ಹಿಂಭಾಗ 25 ಮಿಲಿಮೀಟರ್ ಎದ್ದರೆ ಇಡೀ ಗಾಡಿ ಸುಮಾರು ಒಂದು ಡಿಗ್ರಿ ಮುಂದಕ್ಕೆ ಬಾಗುತ್ತದೆ. ಮುಂದಿನ ಫೋರ್ಕು ಅಷ್ಟೇ ನೆಟ್ಟಗಾಗುತ್ತದೆ. ಹ್ಯಾಂಡಲ್ಲು ಹಗುರವಾದಂತೆ ಅನ್ನಿಸಿ, ನೆಟ್ಟಗಿನ ರಸ್ತೆಯಲ್ಲಿ ವೇಗ ಏರಿದಾಗ ಚಡಪಡಿಸುತ್ತದೆ. ಚೈನಿನ ಬಿಗಿಯೂ ಬದಲಾಗುತ್ತದೆ. ಮುಂದಿನ ಸ್ಪ್ರಾಕೆಟ್ಟು, ಕೀಲು, ಹಿಂದಿನ ಆಕ್ಸೆಲ್ಲು ಮೂರೂ ಒಂದು ಗೆರೆಗೆ ಬಂದಾಗಲೇ ಚೈನು ಅತಿ ಬಿಗಿ. ಆ ಲೆಕ್ಕ ಇಡದೆ ಚೈನ್ ಎಳೆದವನ ಗೇರ್‌ಬಾಕ್ಸ್ ಬೇರಿಂಗಿಗೆ ಆಯುಸ್ಸು ಕಡಿಮೆ. ಎರಡನೆಯದು ಸ್ಪ್ರಿಂಗಿನ ಗಡಸುತನ. ಹಳೆಯ 250 ಜಾವಾದ ತೂಕ ಸುಮಾರು 130 ಕಿಲೊ. 180 ಕಿಲೊ ಗಾಡಿಗೆಂದು ಮಾಡಿದ ಹೊಳೆಯುವ ಶಾಕ್ಸ್ ಹಾಕಿದರೆ ಅದು ಅಲ್ಲಾಡುವುದೇ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಯುದ್ಧಕಾಲದ ಎಂ20 ಕೊಂಡಂತಾಯಿತು. ಸವಾರ ಕೂತಾಗ ಒಟ್ಟು ಆಟದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಾದರೂ ಇಳಿಯಬೇಕು. ಇಳಿಯದಿದ್ದರೆ ಚಕ್ರ ಗುಂಡಿಯೊಳಕ್ಕೆ ಚಾಚಿಕೊಳ್ಳಲು ಜಾಗವೇ ಇರುವುದಿಲ್ಲ.

ಹಂಪಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪು 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರ, ಇಳಿಜಾರಾದ ದುಂಡು ಬೆನ್ನು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪುಗಳು ಒಂದು ಮೊಳ ಅಗಲದ ಗೋಡೆಗಳು. ಅವಕ್ಕೆ ಯಾವ ಶಾಕ್ಸೂ ಉತ್ತರವಲ್ಲ.

ಚಕ್ರ ಇನ್ನೂ ಸೂಕ್ಷ್ಮದ ಕೆಲಸ. ಜಾವಾ ಹಬ್ಬಿಗೆ 36 ಸ್ಪೋಕ್ಸು. ಹಿಂದಿನ ಚಕ್ರದ ವಿನ್ಯಾಸ ಎಷ್ಟು ಜಾಣತನದ್ದೆಂದರೆ ಆಕ್ಸೆಲ್ ಎಳೆದರೆ ಚಕ್ರ ಮಾತ್ರ ಹೊರಬರುತ್ತದೆ. ಸ್ಪ್ರಾಕೆಟ್ಟು, ಚೈನು, ಚೈನನ್ನು ಪೂರ್ತಿ ಮುಚ್ಚುವ ಕೇಸು ಗಾಡಿಯಲ್ಲೇ ಉಳಿಯುತ್ತವೆ. ಪಂಕ್ಚರ್ ಆದರೆ ಕೈಗೆ ಮಸಿ ಹತ್ತದು. ನಡುವೆ ರಬ್ಬರಿನ ಡ್ಯಾಂಪರ್ ಕೂತು ಎಂಜಿನ್ನಿನ ಎಳೆತವನ್ನು ಮೃದುಗೊಳಿಸುತ್ತದೆ. ಈ ರಬ್ಬರ್ ಗಟ್ಟಿಯಾಗಿ ಪುಡಿಯಾದ ಮೇಲೆ ಗೇರ್ ಬದಲಿಸುವಾಗಲೆಲ್ಲ ಹಿಂದಿನಿಂದ ಒದ್ದಂತಾಗುತ್ತದೆ. ಅದಕ್ಕೂ ಜನ ಶಾಕ್ಸನ್ನೇ ಬೈಯುತ್ತಾರೆ. ಅಗಲ ಟೈರಿನ ಆಸೆಗೆ ಮೊದಲ ತಡೆ ಆ ಚೈನ್ ಕೇಸೇ: ಟೈರಿನ ಬದಿ ಅದಕ್ಕೆ ಉಜ್ಜುತ್ತದೆ. ಆಗ ಕೇಸನ್ನೇ ಕಿತ್ತು ಗುಜರಿಗೆ ಹಾಕುವವರಿದ್ದಾರೆ. ಜಾವಾದ ಅರ್ಧ ಬುದ್ಧಿವಂತಿಕೆಯನ್ನು ತೂಕಕ್ಕೆ ಮಾರಿದಂತೆ ಎಂದು ನನಗೆ ಸಿಟ್ಟು.

ಹಳೆಯ ಜಾವಾಗಳಿಗೆ 16 ಇಂಚಿನ ಚಕ್ರ, 3.25ರ ಟೈರು. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗಿಗೆ 18 ಇಂಚು. 18ರ ಟೈರು ಸುಲಭವಾಗಿ ಸಿಗುತ್ತದೆಂದು ಹಳೆಯ ಹಬ್ಬಿಗೆ 18ರ ರಿಮ್ ಕಟ್ಟಿಸುವುದು ಈ ಊರಿನಲ್ಲಿ ಹಳೆಯ ರೂಢಿ. ಮಾಡಬಾರದೆಂದಲ್ಲ. ಅದೇ ಅಗಲದ ಟೈರಿನಲ್ಲಿ ಚಕ್ರದ ಹೊರಸುತ್ತು ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಗೇರು ಅಷ್ಟು ಉದ್ದವಾಗುತ್ತದೆ. ತುಮಕೂರು ರಸ್ತೆಯಲ್ಲಿ ಹಿತ, ದೇವಯ್ಯ ಪಾರ್ಕಿನ ಸಿಗ್ನಲ್ಲಿನಲ್ಲಿ ಎರಡನೇ ಗೇರಿನ ಏದುಸಿರು. ಗೇರ್‌ಬಾಕ್ಸಿನಿಂದ ಸ್ಪೀಡೋ ಕೇಬಲ್ ಬರುವ ಗಾಡಿಯಾದರೆ ಮುಳ್ಳು 55 ತೋರಿಸುವಾಗ ನಿಜವಾದ ವೇಗ 60. ಹಿಂದೊಂದೇ ಬದಲಿಸಿದರೆ ಮೇಲೆ ಹೇಳಿದ ಬಾಗುವಿಕೆಯ ಲೆಕ್ಕ ಇಲ್ಲೂ ಬರುತ್ತದೆ. ಎರಡನ್ನೂ ಬದಲಿಸಬೇಕು, ಇಲ್ಲವೇ ಮುಟ್ಟಬಾರದು.

ಸ್ಪೋಕ್ಸು ಕಟ್ಟುವವನನ್ನು ನೋಡುವುದೇ ಒಂದು ಸುಖ. ಹತ್ತು ಗೇಜೆಂದರೆ 3.25 ಮಿಲಿಮೀಟರ್ ದಪ್ಪ, ಎಂಟು ಗೇಜೆಂದರೆ ನಾಲ್ಕರ ಮೇಲೆ. ದಪ್ಪ ಇದ್ದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು. ಹಬ್ಬಿನ ತೂತು ಹಿರಿದು ಮಾಡಿ ದಪ್ಪ ಕಡ್ಡಿ ತೂರಿಸಿದರೆ ಹಳೆಯ ಅಲ್ಯೂಮಿನಿಯಂ ಹಬ್ಬೇ ಬಿರುಕು ಬಿಡಬಹುದು. ಮೊದಲು ಒಳಬದಿಯ ಕಡ್ಡಿಗಳನ್ನು ಸಡಿಲವಾಗಿ ತೂಗಿಬಿಟ್ಟು, ಒಂದರ ಮೇಲೊಂದು ದಾಟಿಸಿ, ನಿಪ್ಪಲ್ಲುಗಳನ್ನು ಬೆರಳಲ್ಲೇ ಹಿಡಿಸಿ, ಆಮೇಲೆ ಸ್ಟ್ಯಾಂಡಿಗೆ ಹಾಕುತ್ತಾನೆ. ಕೆಲವರಲ್ಲಿ ಡಯಲ್ ಗೇಜ್ ಇದೆ. ಹಲವರಲ್ಲಿ ಒಂದು ಸೀಮೆಸುಣ್ಣದ ತುಂಡು: ಚಕ್ರ ತಿರುಗಿಸಿ ರಿಮ್ಮಿನ ಹತ್ತಿರ ಹಿಡಿದರೆ ಬೆಂಡಿದ್ದ ಕಡೆ ಗೆರೆ ಬೀಳುತ್ತದೆ. ಅಲ್ಲಿ ಒಂದು ಬದಿಯ ಕಡ್ಡಿ ಕಾಲು ಸುತ್ತು ಬಿಗಿ, ಎದುರಿನದು ಕಾಲು ಸುತ್ತು ಸಡಿಲ. ಮೇಲೆ ಕೆಳಗಿನ ಬೆಂಡು ಮೊದಲು, ಅಡ್ಡ ಬೆಂಡು ಆಮೇಲೆ. ಕಡೆಗೆ ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಡುತ್ತಾನೆ. ಮಂಕು ಸದ್ದು ಕೊಟ್ಟದ್ದು ಸಡಿಲ. ಬೀದಿಯ ಹಾರ್ನು, ಮೇಲೆ ಮೆಟ್ರೋ, ಪಕ್ಕದಲ್ಲಿ ಗ್ರೈಂಡರು – ಇಷ್ಟರ ನಡುವೆ ಆ ಶ್ರುತಿಭೇದ ಅವನಿಗೆ ಹೇಗೆ ಕೇಳುತ್ತದೋ.

ಅಲಾಯ್ ರಿಮ್ಮಿನ ಪರವಾಗಿ ಒಂದೇ ಗಟ್ಟಿ ವಾದವಿದೆ: ಸ್ಪ್ರಿಂಗಿನ ಕೆಳಗಿನ ಭಾರ ಕಡಿಮೆಯಾದಷ್ಟೂ ಚಕ್ರ ಗುಂಡಿಯನ್ನು ಬೇಗ ಹಿಂಬಾಲಿಸುತ್ತದೆ. ಸ್ಪೋಕ್ಸಿಗೆ ಬರುವ ಅಲ್ಯೂಮಿನಿಯಂ ರಿಮ್ಮಿನಿಂದ ಆ ಲಾಭ ಸಿಗುತ್ತದೆ, ಗಾಡಿಯ ರೂಪವೂ ಕೆಡದು. ಆದರೆ ಬಿಟಿಎಂನಿಂದ ಯಶವಂತಪುರದವರೆಗೆ ಎಲ್ಲ ಅಂಗಡಿಯಲ್ಲೂ ನೇತುಹಾಕಿರುವ ಎರಕದ ಅಲಾಯ್ ಚಕ್ರ ಜಾವಾಕ್ಕೆ ಹಾಕಿಸುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕಾನೂನು ಹೇಳುತ್ತದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ವಿಧಿಯಂತೆ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಸವೆದ ಬುಶ್ಶು, ಸೋರುವ ಶಾಕ್ಸು, ತುಕ್ಕು ಹಿಡಿದ ಸ್ಪೋಕ್ಸು ಬದಲಿಸುವುದು ರಿಪೇರಿ. ಸ್ವಿಂಗ್ ಆರ್ಮ್ ಕತ್ತರಿಸಿ ಉದ್ದ ಮಾಡುವುದು, ಚಾಸಿಗೆ ಹೊಸ ಬೆಸುಗೆ ಹಾಕಿ ಮೋನೋಶಾಕ್ ಕೂರಿಸುವುದು ಬೇರೆಯೇ ಮಾತು. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ, ನಂಬರಿನಲ್ಲಿ ‘ವಿಎ’ ಎಂಬ ಎರಡಕ್ಷರ. ಶರತ್ತು: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಕೂಡದು. ಮೈಸೂರಿನಲ್ಲಿ ತಯಾರಾದ ಮೊದಲ ಗಾಡಿಗಳೆಲ್ಲ ಈಗ ಆ ವಯಸ್ಸು ದಾಟಿವೆ. ಹಳೆಯ ‘ಎಂವೈ’ ನಂಬರನ್ನು ಉಳಿಸಿಕೊಂಡವರು ಅದನ್ನೇ ಇಟ್ಟುಕೊಳ್ಳಬಹುದು. ಬಿಚ್ಚಿದ ಮೂಲ ಶಾಕ್ಸು, ರಿಮ್ಮು, ಹಳೆಯ ಬುಶ್ಶು ಕೂಡ ಒಂದು ಗೋಣಿಚೀಲದಲ್ಲಿ ಕಟ್ಟಿಡಿ. ಮತ್ತೆ ಮೂಲಕ್ಕೆ ಮರಳಿಸಲು ಆಗುವಂಥ ಬದಲಾವಣೆ ಮಾತ್ರ ಮಾಡಬೇಕೆಂದು ವಿಂಟೇಜ್ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿರುವ ಟ್ಯೂರಿನ್ ಸನ್ನದೂ ಹೇಳುತ್ತದೆ. ಶ್ರೀರಾಂಪುರದ ಟರ್ನರಿಗೆ ಆ ಸನ್ನದು ಬೇಕಿಲ್ಲ. ಮುಂದಿನ ಸಲ ಅಳತೆಗೆ ಹಳೆಯ ಪೀಸ್ ಬೇಕು, ಅಷ್ಟೇ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಬೆಂಗಳೂರಿನಲ್ಲಿ ನೂರಾರು ಗಾಡಿಗಳು ನೀಲಿ ಹೊಗೆಯೊಂದಿಗೆ ಸೇರುತ್ತವೆ. ಅದಕ್ಕೆ ಒಂದು ತಿಂಗಳ ಮೊದಲೇ ಈ ಗ್ಯಾರೇಜುಗಳಲ್ಲಿ ಸಾಲು. ಕೆಲಸ ಮುಗಿಸಿಕೊಂಡು ಹೊರಟವರಿಗೆ ಮೇಸ್ತ್ರಿ ಹೇಳುವ ಮಾತು ಎಲ್ಲ ಕಡೆ ಒಂದೇ: “ಇನ್ನೂರು ಕಿಲೋಮೀಟರ್ ಓಡಿಸಿ ವಾಪಸ್ ತನ್ನಿ. ಹೊಸ ಸ್ಪೋಕ್ಸು ಸ್ವಲ್ಪ ಎಳ್ಕೊಂಡಿರ್ತದೆ, ಇನ್ನೊಂದ್ಸಲ ಟೈಟ್ ಮಾಡ್ಬೇಕು. ಅದಕ್ಕೆ ಕಾಸು ಬೇಡ.” ಹತ್ತರಲ್ಲಿ ಎಂಟು ಜನ ವಾಪಸ್ ಬರುವುದಿಲ್ಲವಂತೆ. ಬರುವುದು ಟ್ಯಾಂಕಿಗೆ ಹೊಸ ಬಣ್ಣ ಹೊಡೆಯುವವನ ವಿಳಾಸ ಕೇಳಿಕೊಂಡು.